ಹಿಂದೆ ಕಟ್ಟಿದ ಕೈ

ನಡಿಗೆ ಮೇಷ್ಟ್ರು ಅಂದರೆ ಸಾಕು, ಆ ಬೀದಿಯಲ್ಲಿ ಹಾಲಿನವನಿಂದ ಹಿಡಿದು ಪೋಸ್ಟಿನವನವರೆಗೆ ಎಲ್ಲರೂ ಮನೆ ತೋರಿಸುತ್ತಿದ್ದರು. ಮೇಷ್ಟ್ರು ಅಂದ ಮಾತ್ರಕ್ಕೆ ಅವರೇನೂ ಮಗ್ಗಿ ಹೇಳಿಕೊಟ್ಟವರಲ್ಲ, ಬೆತ್ತ ಹಿಡಿದವರೂ ಅಲ್ಲ. ಕಾಲು ಕಳೆದುಕೊಂಡವರಿಗೆ ಹೊಸ ಕಾಲು ಮಾಡಿಕೊಡುವ ಒಂದು ಕಾರ್ಖಾನೆಯಲ್ಲಿ ಅವರ ಕೆಲಸ. ಕಾಲು ಮಾಡುವುದು ಅರ್ಧ ಕೆಲಸ. ಆ ಕಾಲಿನ ಮೇಲೆ ಮನುಷ್ಯನನ್ನು ನಿಲ್ಲಿಸಿ, ನಡೆಸಿ, ಮನೆಗೆ ಕಳಿಸುವುದು ಉಳಿದರ್ಧ. ಎರಡನ್ನೂ ಅವರೇ ಮಾಡುತ್ತಿದ್ದರು. ಅವರ ಹತ್ತಿರ ನಡೆಯೋದು ಕಲಿತವರು ಊರು ತುಂಬ ಓಡಾಡಿಕೊಂಡಿದ್ದರು, ಅದಕ್ಕೇ ಆ ಹೆಸರು.

ಕಾರ್ಖಾನೆ ಅಂದರೆ ಭಾರೀ ಏನಲ್ಲ. ಮುಂದಿನ ಕೋಣೆಯಲ್ಲಿ ಪ್ಲಾಸ್ಟರಿನ ಅಚ್ಚುಗಳು, ಅರ, ಉಳಿ, ಚರ್ಮದ ಪಟ್ಟಿಗಳು. ಗೋಡೆಗೆ ಸಾಲಾಗಿ ನೇತುಹಾಕಿದ ಕಾಲುಗಳು. ಹೊಸಬರು ಒಳಗೆ ಬಂದರೆ ಒಂದು ಸಲ ಎದೆ ಝಲ್ಲೆನ್ನುತ್ತಿತ್ತು. ಅದನ್ನು ದಾಟಿದರೆ ಉದ್ದನೆಯ ಹಾಲ್. ಅಲ್ಲಿ ಸೊಂಟದೆತ್ತರಕ್ಕೆ ಎರಡು ಕಬ್ಬಿಣದ ಸರಳು, ನಡುವೆ ಒಬ್ಬರು ನಡೆಯುವಷ್ಟು ಜಾಗ, ಆ ತುದಿಯಲ್ಲಿ ಆಳೆತ್ತರದ ಕನ್ನಡಿ. ಕನ್ನಡಿಯ ಪಕ್ಕ ಮೇಷ್ಟ್ರು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಗಡಿಯಾರದ ಕಂಬದ ಹಾಗೆ ನಿಂತಿರುತ್ತಿದ್ದರು.

ಆ ಹಾಲಿನಲ್ಲಿ ಒಂದೇ ಒಂದು ಕಾನೂನು. ಬಿದ್ದವರನ್ನು ಯಾರೂ ಮುಟ್ಟಬಾರದು. ಗಂಡ ಬಿದ್ದರೆ ಹೆಂಡತಿ ಓಡಿಬರುತ್ತಿದ್ದಳು, ಮಗ ಬಿದ್ದರೆ ತಾಯಿ. ಹತ್ತಿರ ಬರುವಷ್ಟರಲ್ಲಿ ಮೇಷ್ಟ್ರ ಗಂಟಲು ಗುಡುಗುತ್ತಿತ್ತು, "ಕೈ ಹಿಂದಕ್ಕೆ!" ಪಾಪ, ಬಂದವರು ಅಲ್ಲೇ ನಿಂತು, ಶಾಲೆ ಮಕ್ಕಳ ಹಾಗೆ ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ಆಮೇಲೆ ಬಿದ್ದವನಿಗೆ ಪಾಠ. "ಪಕ್ಕಕ್ಕೆ ಹೊರಳು. ಗಟ್ಟಿ ಮಂಡಿ ಊರು. ಅಂಗೈ ನೆಲಕ್ಕೆ ಒತ್ತು. ಈಗ ಸೊಂಟ ಎತ್ತು. ನೀನೇ ಏಳ್ತೀಯ. ನಾನಿಲ್ಲ ಅಂದ್ಕೊ." ಬಿದ್ದವನಿಗೆ ಕೈ ಕೊಟ್ಟರೆ ಅವನಿಗಿರುವ ಇನ್ನೊಂದು ಕಾಲನ್ನೂ ಕಿತ್ತುಕೊಂಡ ಹಾಗೆ ಅಂತ ಅವರ ವಾದ.

ಹೊಗಳಬೇಕಾದ ಕಡೆ ಹೊಗಳಲೇಬೇಕು, ಆ ವಾದದಿಂದ ಎಷ್ಟೋ ಜನ ಬದುಕಿಕೊಂಡರು. ಒಬ್ಬ ಲಾರಿ ಡ್ರೈವರ್ ಬಂದಿದ್ದ. ಬಾಯಿ ಬಿಟ್ಟರೆ ಬೈಗುಳ. ಸಾಯ್ತೀನಿ ಅನ್ನೋದು, ಬೀಳೋದು, ಮತ್ತೆ ಬೈಯೋದು. ಒಂದು ದಿನ ಸಿಟ್ಟು ನೆತ್ತಿಗೇರಿ ಕಟ್ಟಿಕೊಂಡ ಕಾಲನ್ನೇ ಬಿಚ್ಚಿ ಮೇಷ್ಟ್ರ ಮೇಲೆ ಎಸೆದ. ಮೇಷ್ಟ್ರು ತಲೆ ತಪ್ಪಿಸಿಕೊಂಡರು, ಕಾಲು ಎತ್ತಿಕೊಡಲಿಲ್ಲ. "ಎಸೆದದ್ದು ನೀನು, ತೆವಳಿಕೊಂಡು ಹೋಗಿ ತಗೋ" ಅಂದರು. ಅವನು ತೆವಳಿದ, ತಗೊಂಡ, ಕಟ್ಟಿಕೊಂಡ, ಎದ್ದ. ಆಮೇಲೆ ಯಾವಾಗ ಆ ದಾರಿಯಲ್ಲಿ ಹೋದರೂ ಕಾರ್ಖಾನೆ ಬಾಗಿಲಲ್ಲಿ ಲಾರಿ ನಿಲ್ಲಿಸಿ, ಬೀದಿ ಕಿವುಡಾಗುವ ಹಾಗೆ ಹಾರನ್ ಹೊಡೆದು ಹೋಗುತ್ತಿದ್ದ.

ಎಲ್ಲರೂ ಆ ಡ್ರೈವರ್ ಹಾಗೆ ಆಗಲಿಲ್ಲ ಅನ್ನಿ. ಒಬ್ಬ ಟೈಲರ್ ಹೆಂಗಸು ಬರುತ್ತಿದ್ದಳು, ಸಣ್ಣ ದನಿಯವಳು. ಬೀಳುತ್ತಿದ್ದಳು, ಏಳುತ್ತಿದ್ದಳು, ಎರಡು ಹೆಜ್ಜೆ ಇಟ್ಟು ಮತ್ತೆ ಬೀಳುತ್ತಿದ್ದಳು. ನೋಯುತ್ತೆ ಸಾರ್ ಅಂದಳು. "ನೋವು ಎಲ್ಲರಿಗೂ ಇರುತ್ತೆ" ಅಂದರು ಮೇಷ್ಟ್ರು. ಒಂದು ದಿನ ಬರುವುದನ್ನೇ ಬಿಟ್ಟಳು. "ಮನಸ್ಸಿಲ್ಲ ಆಕೆಗೆ, ಅಷ್ಟೇ" ಅಂತ ಹೇಳಿ ಅವಳ ಅಚ್ಚನ್ನು ಮೇಲಿನ ಅಟ್ಟಕ್ಕೆ ಎಸೆದರು. ಮೇಷ್ಟ್ರ ಲೆಕ್ಕದಲ್ಲಿ ಮನುಷ್ಯರು ಎರಡೇ ಜಾತಿ: ಮನಸ್ಸು ಇರೋರು, ಇಲ್ಲದೋರು.

ಇಷ್ಟನ್ನು ಕಾರ್ಖಾನೆಯಲ್ಲೇ ಬಿಟ್ಟು ಬಂದಿದ್ದರೆ ಯಾರಿಗೇನು ತಕರಾರಿತ್ತು? ಆದರೆ ಅವರು ಅದನ್ನು ಊಟದ ಡಬ್ಬಿಯ ಜೊತೆಗೇ ದಿನಾ ಮನೆಗೆ ತರುತ್ತಿದ್ದರು. ಮಗಳು ಚಿಕ್ಕವಳಿದ್ದಾಗ ಸೈಕಲ್ಲಿನಿಂದ ಬಿದ್ದು ಮೊಣಕಾಲು ಒಡೆದುಕೊಂಡಳು. ಅಪ್ಪ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದರು. "ಅಳೋದು ಆದಮೇಲೆ ಏಳು." ಹೆಂಡತಿಯ ತಾಯಿ ತೀರಿಕೊಂಡಾಗ ಆಕೆ ಗೋಡೆಗೆ ಒರಗಿ ಕೂತಲ್ಲೇ ಕೂತುಬಿಟ್ಟಳು. ಮೇಷ್ಟ್ರು ಬಾಗಿಲಲ್ಲಿ ನಿಂತು, "ಎಷ್ಟು ದಿನ ನೆಲದ ಮೇಲಿರ್ತೀಯ? ನೀನೇ ಏಳಬೇಕು, ಬೇರೆ ಯಾರೂ ಎಬ್ಬಿಸೋಕಾಗಲ್ಲ" ಅಂದರು. ಆಕೆ ಎದ್ದಳು. ಎದ್ದು ಅಡುಗೆ ಮಾಡಿದಳು. ಮೇಷ್ಟ್ರಿಗೆ ಅದೂ ಗೆದ್ದ ಹಾಗೇ.

ಕೆಟ್ಟ ಮನುಷ್ಯ ಅನ್ನೋ ಹಾಗಿಲ್ಲ ನೋಡಿ, ಅದೇ ಕಷ್ಟ. ಕುಡಿತ ಇಲ್ಲ, ಹೊಡೆತ ಇಲ್ಲ, ಸುಳ್ಳಿಲ್ಲ, ಯಾರ ಮನೆ ಬಾಗಿಲಿಗೂ ಕೈಯೊಡ್ಡಿ ಹೋದವರಲ್ಲ. ತಮ್ಮ ಬಟ್ಟೆ ತಾವೇ ಒಗೆಯುತ್ತಿದ್ದರು. ಬೀದಿಯವರು ತಮ್ಮ ಮಕ್ಕಳಿಗೆ ಬುದ್ಧಿ ಹೇಳುವಾಗ ಅವರನ್ನೇ ತೋರಿಸುತ್ತಿದ್ದರು. ಹೆಂಡತಿ ಮಾತ್ರ ನಗುತ್ತಾ, "ನಿಮ್ಮಪ್ಪನಿಗೆ ದೇವರು ಕೈ ಕೊಟ್ಟಿದ್ದೇ ಬೆನ್ನು ಕೆರ್ಕೊಳ್ಳೋಕೆ ಕಣೇ" ಅಂತ ಮಗಳ ಹತ್ತಿರ ಹೇಳುತ್ತಿದ್ದಳು. ಮೇಷ್ಟ್ರೂ ನಗುತ್ತಿದ್ದರು. ಆ ಮನೆಯಲ್ಲಿ ನಗು ಇತ್ತು, ಇಲ್ಲ ಅನ್ನಲಾರೆ.

ಮನೆಯ ಎದುರಿಗೆ ಒಬ್ಬ ಇಸ್ತ್ರಿಯವನು ತಳ್ಳುಗಾಡಿ ನಿಲ್ಲಿಸಿಕೊಂಡಿದ್ದ. ಮೇಷ್ಟ್ರ ಅಂಗಳದ ಒಂದು ಮೂಲೆಯಲ್ಲಿ ಒಗೆಯುವ ಕಲ್ಲು. ಗೇಟಿನಿಂದ ನೋಡಿದರೆ ಅದು ಅವನಿಗೆ ನೇರ ಕಾಣುತ್ತಿತ್ತು. ಒಂದು ಸಲ ಊರುಗೋಲಿನವನೊಬ್ಬ ಮೇಷ್ಟ್ರನ್ನು ಹುಡುಕಿಕೊಂಡು ಬಂದು ಗೇಟಿನ ಮುಂದೆ ಮುಗ್ಗರಿಸಿ ಬಿದ್ದ. ಇಸ್ತ್ರಿಯವನು ಓಡಿಬಂದು ಅವನ ತೋಳಿಗೆ ಕೈ ಹಾಕಿದ. ಮೇಷ್ಟ್ರು ಅವನಿಗೆ ಮುಖಮೂತಿ ನೋಡದೆ ಬೈದರು. "ನಿನಗೆ ಪುಣ್ಯ ಬೇಕಾ? ಬೇರೆ ಕಡೆ ಸಂಪಾದಿಸು. ನನ್ನ ಬಾಗಿಲಲ್ಲಿ ಬಿದ್ದವರನ್ನ ಮುಟ್ಟಬೇಡ." ಅವನು ತಲೆ ತಗ್ಗಿಸಿ ಹೋದ. ಅವನು ಆ ಮಾತು ಮರೆಯಲಿಲ್ಲ.

ಇನ್ನು ಆ ದಿನದ ವಿಷಯ. ಬೆಳಗ್ಗೆ ಗಂಡಹೆಂಡಿರಿಗೆ ಸಣ್ಣ ಜಟಾಪಟಿ ಆಗಿತ್ತು. ಹೆಂಡತಿಗೆ ಕೆಲವು ದಿನದಿಂದ ತಲೆ ಭಾರ, ಮೈಯಲ್ಲಿ ಒಂಥರಾ. ಮಗಳ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬರ್ತೀನಿ ಅಂದಳು. ಮೇಷ್ಟ್ರು ಚಹಾ ಕುಡಿಯುತ್ತಾ, "ಮೈಗೆ ಸುಖ ತೋರಿಸಿದಷ್ಟೂ ಅದು ಕೇಳುತ್ತೆ" ಅಂದರು. ಆಕೆ ಮಾತು ಬೆಳೆಸದೆ ಬಕೆಟ್ ಎತ್ತಿಕೊಂಡು ಅಂಗಳಕ್ಕೆ ಹೋದಳು. ಸ್ವಲ್ಪ ಹೊತ್ತಿಗೆ ಬಕೆಟ್ ಉರುಳಿದ ಸದ್ದು ಕೇಳಿಸಿತು.

ಮೇಷ್ಟ್ರು ಲೋಟ ಕೆಳಗಿಟ್ಟು ಬಂದರು. ಹೆಂಡತಿ ಒಗೆಯುವ ಕಲ್ಲಿನ ಪಕ್ಕ ಬಿದ್ದಿದ್ದಳು. ಗಾಯವಿಲ್ಲ, ರಕ್ತವಿಲ್ಲ. ಗಂಡನ ಮುಖ ನೋಡಿ ಎಡಗೈಯನ್ನು ಮೇಲಕ್ಕೆ ಚಾಚಿದಳು. ಆ ಕೈ ನೋಡಿದ ಕೂಡಲೇ ಮೇಷ್ಟ್ರ ಎರಡೂ ಕೈ ತಾವಾಗಿ ಬೆನ್ನ ಹಿಂದೆ ಹೋದವು. ಅಯ್ಯೋ, ಅಷ್ಟು ವರ್ಷದ ಅಭ್ಯಾಸ! ಬೆಳಗಿನ ಮಾತಿಗೆ ಮುನಿಸಿಕೊಂಡು ನಾಟಕ ಆಡುತ್ತಿದ್ದಾಳೆ ಅಂತಲೂ ಒಳಗೊಳಗೆ ಅನ್ನಿಸಿತು.

"ಏಳು. ಪಕ್ಕಕ್ಕೆ ಹೊರಳು" ಅಂದರು.

ಆಕೆ ತುಟಿ ಅಲ್ಲಾಡಿಸಿದಳು, ಮಾತು ಬರಲಿಲ್ಲ. ಕೈ ಚಾಚಿದ್ದು ಚಾಚಿದ ಹಾಗೇ ಇತ್ತು.

"ಮಂಡಿ ಊರು. ನನಗೇನೂ ಅವಸರ ಇಲ್ಲ. ನೀನೇ ಏಳ್ತೀಯ."

ಅಷ್ಟರಲ್ಲಿ ಇಸ್ತ್ರಿಯವನು ಗೇಟಿಗೆ ಬಂದು ನಿಂತಿದ್ದ. "ಮೇಷ್ಟ್ರೇ, ಅಮ್ಮ ಬಿದ್ದಿದ್ದಾರೆ" ಅಂದ.

"ಕಾಣ್ತಿದೆ. ಮುಟ್ಟಬೇಡ. ಏಳ್ತಾಳೆ."

ಅವನು ಗೇಟಿನ ಚಿಲಕದ ಮೇಲಿಟ್ಟ ಕೈಯನ್ನು ತೆಗೆದುಬಿಟ್ಟ. ಹೀಗೆ ಒಬ್ಬಳು ನೆಲದ ಮೇಲೆ, ಒಬ್ಬರು ಅವಳ ತಲೆಯ ಹತ್ತಿರ, ಒಬ್ಬ ಗೇಟಿನ ಆಚೆ. ಎಷ್ಟು ಹೊತ್ತು ಅಂತ ಕೇಳಬೇಡಿ. ಗಾಡಿಯ ಮೇಲೆ ಇಸ್ತ್ರಿ ಪೆಟ್ಟಿಗೆಯ ಕೆಳಗೆ ಯಾರದೋ ಬಿಳಿ ಷರಟು ಇತ್ತು. ಅದು ಕಂದಾಗಿ, ಕಪ್ಪಾಗಿ, ಹೊಗೆಯೆದ್ದು, ವಾಸನೆ ಅಂಗಳದವರೆಗೂ ಬಂತು. ಅಷ್ಟು ಹೊತ್ತು. ಇಸ್ತ್ರಿಯವನು ಅಯ್ಯಯ್ಯೋ ಅಂತ ಗಾಡಿಗೆ ಓಡಿದ. ಮೇಷ್ಟ್ರು ಆ ಕಡೆ ಒಂದು ಸಲ ತಿರುಗಿ ನೋಡಿ, ಮತ್ತೆ ಹೆಂಡತಿಯ ಕಡೆ ತಿರುಗಿದರು. ಚಾಚಿದ ಕೈ ಕೆಳಗೆ ಬಿದ್ದಿತ್ತು. ಮುಖದ ಒಂದು ಪಕ್ಕ ಜಾರಿ ಬಾಯಿ ಸೊಟ್ಟಗಾಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಲಕ್ವ ಹೊಡೆದಿದೆ ಅಂದರು. "ಬಿದ್ದು ಎಷ್ಟು ಹೊತ್ತಾಗಿತ್ತು? ಈ ಕಾಯಿಲೆಯಲ್ಲಿ ಒಂದೊಂದು ನಿಮಿಷಕ್ಕೂ ಬೆಲೆ" ಅಂತ ಕೇಳಿದರು. ಮೇಷ್ಟ್ರು ಇಸ್ತ್ರಿಯವನ ಕಡೆ ತಿರುಗಿದರು. ಬಾಗಿಲಲ್ಲಿ ನಿಂತಿದ್ದ ಇಸ್ತ್ರಿಯವನು ನೆಲ ನೋಡುತ್ತಿದ್ದ. ಮಗಳು ಅಪ್ಪನ ಮುಖ ನೋಡಿದಳು, ಇಸ್ತ್ರಿಯವನ ಮುಖ ನೋಡಿದಳು. ಯಾರೂ ಬಾಯಿಬಿಟ್ಟು ಹೇಳದೆಯೇ ಅವಳಿಗೆ ಎಲ್ಲ ತಿಳಿದುಹೋಯಿತು.

ಹೆಂಡತಿ ಬದುಕಿ ಬಂದಳು. ಬಲಗೈ, ಬಲಗಾಲು ಹೋಗಿದ್ದವು, ಮಾತು ಹೋಗಿತ್ತು. ಉಳಿದದ್ದು ನಾಲ್ಕಾರು ಪದ: ನೀರು, ಬೇಡ, ಸಾಕು, ಅಂಥವು. ಮಗಳು ಮೊದಲನೇ ದಿನವೇ, "ಅಮ್ಮನ್ನ ನನ್ನ ಮನೆಗೆ ಕರ್ಕೊಂಡು ಹೋಗ್ತೀನಿ" ಅಂದಳು. ಆದರೆ ಅವಳ ಮನೆ ಎರಡನೇ ಮಹಡಿ, ಲಿಫ್ಟ್ ಇಲ್ಲ. ಹೊತ್ತುಕೊಂಡು ಹತ್ತಿಸೋಣ ಅಂತ ಅಳಿಯ ಅಂದ. ಅಮ್ಮ ತಲೆ ಅಲ್ಲಾಡಿಸಿ, ತುಂಬ ಕಷ್ಟಪಟ್ಟು ಒಂದು ಪದ ಹೊರಡಿಸಿದಳು. "ನಡೆದು."

ನಡೆದು ಹೋಗ್ತೀನಿ ಅಂತ. ಮೆಟ್ಟಿಲು ಹತ್ತುವಷ್ಟು ಕಾಲು ಬಂದ ದಿನ ಆಕೆ ಈ ಮನೆ ಬಿಡುವುದು ಅಂತ ಅವತ್ತೇ ತೀರ್ಮಾನವಾಯಿತು. ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗಿಂತ ಚೆನ್ನಾಗಿ ಮೇಷ್ಟ್ರಿಗೆ ಗೊತ್ತಿತ್ತು. ಮತ್ತೆ ಆಕೆಯನ್ನು ನಡೆಸಬಲ್ಲವರು ಆ ಊರಿನಲ್ಲಿ ಇದ್ದದ್ದೇ ಒಬ್ಬರು. ಎಂಥಾ ಹಣೆಬರಹ ನೋಡಿ, ಹೆಂಡತಿ ತಮ್ಮನ್ನು ಬಿಟ್ಟು ಹೋಗುವುದಕ್ಕೆ ತಾವೇ ಹೆಜ್ಜೆ ಕಲಿಸಬೇಕು.

ಮೇಷ್ಟ್ರು ಕೆಲಸಕ್ಕೆ ರಜೆ ಹಾಕಿದರು. ಅಡುಗೆ ಕಲಿತರು. ಅನ್ನ ಮುದ್ದೆಗಟ್ಟುತ್ತಿತ್ತು, ಆಕೆ ಎಡಗೈಯಲ್ಲಿ ಚಮಚ ಹಿಡಿದು ಮಾತಿಲ್ಲದೆ ತಿನ್ನುತ್ತಿದ್ದಳು. ದಿನಾ ಬೆಳಗ್ಗೆ ಕುರ್ಚಿಯ ಮುಂದೆ ನಿಂತು, ಯಾವತ್ತೂ ಯಾರಿಗೂ ಚಾಚದ ಕೈಯನ್ನು ಚಾಚುತ್ತಿದ್ದರು. "ಹಿಡ್ಕೋ. ಹಿಡ್ಕೊಂಡು ಏಳು." ಆಕೆ ಆ ಕೈಯನ್ನು ಬಿಟ್ಟು, ಕಿಟಕಿಯ ಸರಳು ಹಿಡಿಯುತ್ತಿದ್ದಳು. ಮೇಜಿನ ಅಂಚು ಹಿಡಿಯುತ್ತಿದ್ದಳು. ರಜಾದಿನ ಮಗಳು ಬಂದರೆ ಅವಳ ಹೆಗಲು ಹಿಡಿಯುತ್ತಿದ್ದಳು. ಬಟ್ಟೆ ಕೊಡಲು ಬಂದ ಇಸ್ತ್ರಿಯವನ ಮೊಣಕೈಯನ್ನೂ ಒಂದು ಸಲ ಹಿಡಿದಳು. ಗಂಡನ ಕೈ ಮಾತ್ರ ಹಿಡಿಯಲಿಲ್ಲ. ಮೇಷ್ಟ್ರು ಚಾಚಿದ ಕೈಯನ್ನು ಹಾಗೇ ವಾಪಸು ತೆಗೆದುಕೊಳ್ಳುತ್ತಿದ್ದರು.

ಜೋತುಬೀಳುವ ಪಾದವನ್ನು ಎತ್ತಿ ಹಿಡಿಯಲು ಕಾಲಿಗೊಂದು ಪಟ್ಟಿ ಬೇಕಾಗಿತ್ತು. ಹಿಮ್ಮಡಿಯಿಂದ ಮೀನಖಂಡದವರೆಗೆ ಪ್ಲಾಸ್ಟಿಕ್ಕಿನ ಒಂದು ಚಿಪ್ಪು, ಕಟ್ಟಲು ಬೆಲ್ಟು. ಅಂಥದ್ದನ್ನು ಮೇಷ್ಟ್ರು ಕಣ್ಣುಮುಚ್ಚಿ ಮಾಡಬಲ್ಲರು. ಹೆಂಡತಿಯ ಕಾಲಿನ ಅಚ್ಚು ತೆಗೆದು, ಕಾರ್ಖಾನೆಗೆ ಹೋಗಿ, ಪ್ಲಾಸ್ಟಿಕ್ ಕಾಯಿಸಿ ಸುತ್ತಿದರು. ಹಿಮ್ಮಡಿಯ ಹತ್ತಿರ ಬಗ್ಗಿಸುವಾಗ ಅವರ ಕೈ ಒಂದು ಕ್ಷಣ ನಿಂತಿತು. ಎಷ್ಟು ಬಗ್ಗಿಸಬೇಕು ಅಂತ ಅವರಿಗೆ ಗೊತ್ತಿತ್ತು. ಅಷ್ಟು ಬಗ್ಗಿಸಲಿಲ್ಲ. ಬೆರಳಿನ ದಪ್ಪದಷ್ಟು ಕಡಿಮೆ.

ಅದರಿಂದ ಏನಾಗುತ್ತೆ ಅಂದರೆ, ಮನೆಯೊಳಗೆ ಸಮನೆಲದ ಮೇಲೆ ನಡೆಯಬಹುದು. ಮೆಟ್ಟಿಲು ಹತ್ತಲು ಹೋದರೆ ಪಾದದ ತುದಿ ಅಂಚಿಗೆ ತಗಲುತ್ತದೆ. ನೋಡಿದವರಿಗೆ ಪಟ್ಟಿಯ ತಪ್ಪು ಕಾಣುವುದಿಲ್ಲ, ಕಾಲಿನ ತಪ್ಪು ಕಾಣುತ್ತದೆ. "ಅವಸರ ಮಾಡಬಾರದು, ಮೊದಲು ನೆಲದ ಮೇಲೆ ಗಟ್ಟಿಯಾಗಲಿ" ಅಂತ ಮೇಷ್ಟ್ರು ತಮಗೆ ತಾವೇ ಹೇಳಿಕೊಂಡರು. ಸುಳ್ಳು ಹೇಳದ ಮನುಷ್ಯ ಅಂತ ಆಗಲೇ ಅಂದೆನಲ್ಲ, ಅದನ್ನು ಇಲ್ಲಿಗೆ ವಾಪಸು ತೆಗೆದುಕೊಳ್ಳುತ್ತೇನೆ.

ಮನೆಯ ಮುಂಬಾಗಿಲಿಗೆ ಮೂರು ಮೆಟ್ಟಿಲು. ಆಕೆ ಬಾಗಿಲ ಚೌಕಟ್ಟು ಹಿಡಿದು ಇಳಿಯುತ್ತಿದ್ದಳು, ಹತ್ತಲು ಹೋಗುತ್ತಿದ್ದಳು. ಪಾದದ ತುದಿ ತಗಲುತ್ತಿತ್ತು. ಮತ್ತೆ ಎತ್ತುತ್ತಿದ್ದಳು, ಮತ್ತೆ ತಗಲುತ್ತಿತ್ತು. ಬೆವರು ಕಿತ್ತುಕೊಂಡು ಬಂದು, ಕೊನೆಗೆ ಮೆಟ್ಟಿಲ ಮೇಲೆ ಕೂತು ಹಿಂದಕ್ಕೆ ಜರುಗಿಕೊಂಡೇ ಒಳಗೆ ಬಂದು ಕುರ್ಚಿ ಸೇರುತ್ತಿದ್ದಳು. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ. ಒಂದು ದಿನವೂ ತಪ್ಪಿಸಲಿಲ್ಲ. ಕಾರ್ಖಾನೆಯ ಹಾಲಿನಲ್ಲಿ ಇಂಥವರು ಸಿಕ್ಕಿದ್ದರೆ ಮೇಷ್ಟ್ರು ಎದೆಯುಬ್ಬಿಸಿ ಎಲ್ಲರಿಗೂ ತೋರಿಸುತ್ತಿದ್ದರು. ಇಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಇವತ್ತಿಗೆ ಸಾಕು, ನಾಳೆ ನೋಡೋಣ" ಅನ್ನುತ್ತಿದ್ದರು. ಹಾಗೆ ಅನ್ನುವಾಗ ಒಳಗೆ ಒಂದು ನೆಮ್ಮದಿ ಇರುತ್ತಿತ್ತು. ಅದಕ್ಕಿಂತ ಹೇಸಿಗೆ ಇನ್ನೊಂದಿಲ್ಲ, ಆದರೆ ಇರುತ್ತಿತ್ತು.

ಹಾಗೇ ವಾರಗಳು ಹೋದವು. ಒಂದು ರಜಾದಿನ ಮಗಳು ಬಂದಾಗ ಆಕೆ ಮೆಟ್ಟಿಲಿನಲ್ಲಿ ಮತ್ತೆ ಸೋತು ಕೂತಳು. ಮೇಷ್ಟ್ರು ಒಳಗೆ ಹಾಲು ಕಾಯಿಸುತ್ತಿದ್ದರು. ಮಗಳಿಗೂ ಸಾಕಾಗಿತ್ತು ಅನ್ನಿಸುತ್ತೆ, ಕೆಲಸ, ಮಕ್ಕಳು, ಓಡಾಟ. ಅವಳ ದನಿ ಅಡುಗೆಮನೆಗೆ ಸ್ಪಷ್ಟವಾಗಿ ಕೇಳಿಸಿತು.

"ಅಮ್ಮಾ, ಇಷ್ಟು ದಿನಕ್ಕೆ ಬರಬೇಕಿತ್ತಲ್ಲಮ್ಮ. ನೀನು ಮನಸ್ಸು ಮಾಡ್ತಾ ಇಲ್ಲ. ಬೇರೆ ಏನೇ ಇರಲಿ, ಅಪ್ಪ ಆ ವಿಷಯದಲ್ಲಿ ಹೇಳೋದು ಸುಳ್ಳಲ್ಲ. ಮನಸ್ಸು ಬೇಕು."

ಆಮೇಲೆ ದಪ್ ದಪ್ ಅಂತ ಸದ್ದು. ಮೇಷ್ಟ್ರು ಬಾಗಿಲಿಗೆ ಬಂದು ನೋಡಿದರು. ಹೆಂಡತಿ ಎಡಗೈ ಮುಷ್ಟಿ ಕಟ್ಟಿ ತನ್ನ ಬಲತೊಡೆಗೆ ಗುದ್ದಿಕೊಳ್ಳುತ್ತಿದ್ದಳು. ಸೊಟ್ಟ ಬಾಯಿಯಿಂದ ಜೊಲ್ಲು, ಕಣ್ಣಲ್ಲಿ ನೀರು. "ನಂದು... ನಂದು... ತಪ್ಪು" ಅನ್ನುತ್ತಿದ್ದಳು. ಮಗಳು ಆ ಮುಷ್ಟಿ ಹಿಡಿದುಕೊಂಡು, ಹಾಗಲ್ಲಮ್ಮ, ನಾನು ಹಾಗಂದಿದ್ದಲ್ಲಮ್ಮ ಅಂತ ತಾನೂ ಅಳತೊಡಗಿದಳು. ಹಿಂದೆ ಹಾಲು ಉಕ್ಕಿ ಒಲೆ ಆರಿತು.

ಮೇಷ್ಟ್ರು ಒಲೆಯ ಕಡೆ ತಿರುಗದೆ ಹೆಂಡತಿಯನ್ನೇ ನೋಡುತ್ತಾ ನಿಂತರು. ಆಕೆಯ ಮನಸ್ಸಿನಲ್ಲಿ ಕೊರತೆ ಎಲ್ಲಿತ್ತು? ಊರಿಗೆಲ್ಲ ಹಂಚುವಷ್ಟಿತ್ತು. ಕೊರತೆ ಇದ್ದದ್ದು ಪಟ್ಟಿಯಲ್ಲಿ, ಪಟ್ಟಿ ಮಾಡಿದವನಲ್ಲಿ. ಆಗ ಇದ್ದಕ್ಕಿದ್ದ ಹಾಗೆ ಆ ಟೈಲರ್ ಹೆಂಗಸು ನೆನಪಾದಳು. ನೋಯುತ್ತೆ ಸಾರ್ ಅಂದಿದ್ದಳು. ಎಲ್ಲಿ ನೋಯುತ್ತೆ ಅಂತ ತಾವು ಕೇಳಿದ್ದುಂಟಾ? ಕಾಲು ಬಿಚ್ಚಿಸಿ ನೋಡಿದ್ದುಂಟಾ? ಕೇಳಿರಲಿಲ್ಲ, ನೋಡಿರಲಿಲ್ಲ. ಇಂಥವರು ಇನ್ನೆಷ್ಟು ಜನ ತಮ್ಮದೇ ತಪ್ಪು ಅಂದುಕೊಂಡು ಮನೆಗೆ ಹೋಗಿ ಮೂಲೆಯಲ್ಲಿ ಕೂತಿದ್ದಾರೋ. ಹಾರನ್ ಹೊಡೆಯುವವನು ಒಬ್ಬ ಸಿಕ್ಕಿದ್ದ, ಅವನ ಸದ್ದಿನಲ್ಲಿ ಮಿಕ್ಕವರು ಯಾರೂ ಕೇಳಿಸಿರಲಿಲ್ಲ.

ಮಾರನೇ ಬೆಳಗ್ಗೆ ಪಟ್ಟಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಕಾರ್ಖಾನೆಗೆ ಹೋದರು. ಕಾಯಿಸಿದರು, ಬಗ್ಗಿಸಿದರು, ಆರಿಸಿದರು, ಅಂಚನ್ನು ಅರದಲ್ಲಿ ನುಣುಪು ಮಾಡಿದರು. ಜೀವಮಾನದಲ್ಲಿ ಅಷ್ಟು ಚೆನ್ನಾದ ಪಟ್ಟಿ ಅವರು ಮಾಡಿರಲಿಲ್ಲ. ಮನೆಗೆ ಬಂದು ಹೆಂಡತಿಯ ಕುರ್ಚಿಯ ಮುಂದೆ ನೆಲದ ಮೇಲೆ ಕೂತರು.

"ಕೇಳು. ನಿನ್ನ ಕಾಲು ಸರಿಯಾಗೇ ಇದೆ. ಪಟ್ಟಿ ತಪ್ಪಾಗಿತ್ತು" ಅಂದರು. "ತಪ್ಪಾಗಿದ್ದಲ್ಲ, ನಾನೇ ಬೇಕು ಅಂತ ಮಾಡಿದ್ದು. ಮೆಟ್ಟಿಲು ಹತ್ತಿದ್ರೆ ನೀನು ಹೊರಟುಹೋಗ್ತೀಯ ಅಂತ."

ಆಕೆ ಗಂಡನ ಮುಖವನ್ನೇ ನೋಡಿದಳು. ಬೈಯುತ್ತಾಳೆ, ಬೈಯಲು ಮಾತಿಲ್ಲದಿದ್ದರೆ ಉಗಿಯುತ್ತಾಳೆ, ಲೋಟ ಎತ್ತಿ ಹೊಡೆಯುತ್ತಾಳೆ ಅಂತ ಮೇಷ್ಟ್ರು ಕಾದರು. ಹೊಡೆದರೆ ಒಳ್ಳೆಯದು ಅಂತಲೂ ಅನ್ನಿಸಿತು. ಆಕೆ ಎಡಗೈಯಿಂದ ತನ್ನ ಬಲಗಾಲನ್ನು ಎತ್ತಿ ಮುಂದಕ್ಕೆ ಇಟ್ಟಳು.

"ಹಾಕಿ" ಅಂದಳು.

ಅಷ್ಟೇ. ಮೇಷ್ಟ್ರು ಹಾಕಿದರು. ಬೆಲ್ಟು ಬಿಗಿಯುವಾಗ ಬಕಲ್ ಸಿಗಲಿಲ್ಲ, ಆಕೆಯೇ ಒಂದೇ ಕೈಯಲ್ಲಿ ಸಿಕ್ಕಿಸಿಕೊಂಡಳು. ಅವತ್ತು ಸಂಜೆ ಮೂರು ಮೆಟ್ಟಿಲು ಹತ್ತಿದಳು.

ಆಮೇಲೆ ತಡವಾಗಲಿಲ್ಲ. ಮಗಳು ಅಳಿಯ ಕಾರು ತಂದರು. ಬಟ್ಟೆಯ ಚೀಲ, ಔಷಧಿಯ ಡಬ್ಬಿ, ಬಾಚಣಿಗೆ, ಆಕೆಯ ಕನ್ನಡಕ. ಒಂದು ಸಂಸಾರದಿಂದ ಹೊರಗೆ ಹೋಗುವುದಕ್ಕೆ ಬೇಕಾದದ್ದು ಎಷ್ಟು ಕಡಿಮೆ ಅಂದರೆ, ಕಾರಿನ ಡಿಕ್ಕಿ ಅರ್ಧವೂ ತುಂಬಲಿಲ್ಲ. ಆಕೆ ಯಾರನ್ನೂ ಹಿಡಿಯದೆ ಮೆಟ್ಟಿಲು ಇಳಿದು, ಒಗೆಯುವ ಕಲ್ಲು ದಾಟಿ, ಗೇಟಿನವರೆಗೆ ನಡೆದಳು. ಹಿಮ್ಮಡಿ ಮೊದಲು, ಆಮೇಲೆ ಪಾದ. ಮೇಷ್ಟ್ರು ಹೇಳಿಕೊಟ್ಟ ಹಾಗೇ. ಇಸ್ತ್ರಿಯವನು ಕೆಲಸ ನಿಲ್ಲಿಸಿ ನೋಡಿದ.

ಕಾರಿನ ಬಾಗಿಲ ಹತ್ತಿರ ಮೇಷ್ಟ್ರು ಇನ್ನೊಂದು ಸಲ ಕೈ ಚಾಚಿದರು. "ಸೀಟು ಎತ್ತರ ಇದೆ. ಹಿಡ್ಕೋ."

ಆಕೆ ಆ ಕೈ ನೋಡಿದಳು. ಕಣ್ಣಲ್ಲಿ ಸಿಟ್ಟೂ ಇರಲಿಲ್ಲ.

"ಬೇಡ" ಅಂದಳು. ಬಾಗಿಲಿಗೆ ಬಂದ ಸೊಪ್ಪಿನವಳಿಗೆ ಹೇಳುವ ಹಾಗೆ. ಬಾಗಿಲ ಅಂಚು ಹಿಡಿದು, ಕೂತು, ಬಲಗಾಲನ್ನು ಎಡಗೈಯಿಂದ ಎತ್ತಿ ಒಳಗಿಟ್ಟುಕೊಂಡಳು. ಕಾರು ಹೋಯಿತು. ಮೇಷ್ಟ್ರು ಒಳಗೆ ಬಂದು ಮಧ್ಯಾಹ್ನದ ಅನ್ನ ಸಂಜೆಯವರೆಗೂ ಮುಚ್ಚಿಟ್ಟುಕೊಂಡು ಕೂತರು.

ಮನೆಯಲ್ಲಿ ಒಬ್ಬರೇ ಉಳಿದ ಮೇಲೆ ಕೆಲಸಗಳು ಒಂದೊಂದಾಗಿ ಬಿಟ್ಟುಹೋದವು. ಒಗೆಯುವ ಕಲ್ಲನ್ನು ದಿನಾ ಪೊರಕೆಯಲ್ಲಿ ತಿಕ್ಕಿ ತೊಳೆಯುತ್ತಿದ್ದದ್ದು ಹೆಂಡತಿ. ಅದು ಹಾಗೆ ತಿಕ್ಕಬೇಕಾದ ಕಲ್ಲು ಅಂತಲೇ ಮೇಷ್ಟ್ರಿಗೆ ಗೊತ್ತಿರಲಿಲ್ಲ. ಅದರ ಸುತ್ತ ಪಾಚಿ ಕಟ್ಟಿತು. ಒಂದು ಬೆಳಗ್ಗೆ ಬಕೆಟ್ ಹಿಡಿದು ಬಂದವರು ಜಾರಿದರು. ಬಕೆಟ್ ಉರುಳಿಕೊಂಡು ಗೇಟಿನವರೆಗೆ ಹೋಯಿತು.

ಮೊದಲು ನಾಚಿಕೆಯಾಯಿತು. ಆಮೇಲೆ ಪಾಠ ನೆನಪಾಯಿತು. ಪಕ್ಕಕ್ಕೆ ಹೊರಳು, ಹೊರಳಿದರು. ಗಟ್ಟಿ ಮಂಡಿ ಊರು, ಊರಿದರು. ಅಂಗೈ ನೆಲಕ್ಕೆ ಒತ್ತಿ ಸೊಂಟ ಎತ್ತುವಷ್ಟರಲ್ಲಿ ನಡುವಿನಲ್ಲಿ ಏನೋ ಛಳಕ್ ಅಂದು, ಹಾ ಅಂತ ಕೂಗಿ ಮತ್ತೆ ಬಿದ್ದರು. ಇನ್ನೊಂದು ಸಲ. ಮತ್ತೊಂದು ಸಲ. ಮನಸ್ಸು ಇತ್ತು, ಮನಸ್ಸಿಗೇನು ಬಂತು, ನೋವು ಅದಕ್ಕಿಂತ ಗಟ್ಟಿ ಇತ್ತು. ಹೆಂಡತಿ ಬಿದ್ದಿದ್ದ ಜಾಗದಲ್ಲೇ ಅಂಗಾತ ಮಲಗಿಕೊಂಡರು. ಅಲ್ಲಿಂದ ನೋಡಿದರೆ ಗೋಡೆ ಎತ್ತರ ಕಾಣುತ್ತಿತ್ತು, ಎಲ್ಲವೂ ಎತ್ತರ ಕಾಣುತ್ತಿತ್ತು. ತಾವು ಅವತ್ತು ಇಲ್ಲಿಂದ ಹೇಗೆ ಕಂಡಿರಬಹುದು ಅಂತ ಅವರಿಗೆ ಮೊದಲ ಸಲ ಗೊತ್ತಾಯಿತು.

ಗೇಟಿನ ಆಚೆ ಇಸ್ತ್ರಿಯವನು ನಿಂತಿದ್ದ. ಯಾವಾಗ ಬಂದನೋ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು, "ಅಯ್ಯೋ, ಯಜಮಾನರು ಬಿದ್ದಿದ್ದಾರಲ್ಲ, ಎತ್ತಬಾರದಾ?" ಅಂತ ಗೇಟಿಗೆ ಕೈ ಹಾಕಿದಳು. ಅವನು ತಡೆದ.

"ಮುಟ್ಟಬಾರದಮ್ಮ. ಅವರಿಗೆ ಹಿಡಿಸಲ್ಲ. ಅವರೇ ಏಳ್ತಾರೆ" ಅಂದ. ಅದರಲ್ಲಿ ಕುಹಕ ಇರಲಿಲ್ಲ. ಕಾನೂನು ಪಾಲಿಸುತ್ತಿದ್ದ, ಅಷ್ಟೇ.

ಮೇಷ್ಟ್ರು ಎಡಗೈಯನ್ನು ಮೇಲಕ್ಕೆ ಚಾಚಿದರು. "ಕೈ ಹಿಡಿದು ಎಬ್ಬಿಸಪ್ಪಾ" ಅಂದರು. ದನಿ ಹೊರಗೆ ಬಂತೋ ಇಲ್ಲವೋ ಅಂತ ಅನುಮಾನವಾಗಿ ಇನ್ನೊಂದು ಸಲ ಅಂದರು. "ನನ್ನಿಂದ ಆಗ್ತಿಲ್ಲ. ಎಬ್ಬಿಸು."

ಅವನು ಗೇಟು ತೆರೆದು ಒಳಗೆ ಬಂದ. ಬಗ್ಗಿ ಕಂಕುಳಿಗೆ ಒಂದು ಕೈ ಹಾಕಿ, ಚಾಚಿದ ಕೈಯನ್ನು ಇನ್ನೊಂದರಲ್ಲಿ ಹಿಡಿದ. ಬಿಸಿ ಪೆಟ್ಟಿಗೆ ಹಿಡಿದು ಹಿಡಿದು ಒರಟಾದ ಅಂಗೈ, ಬೆಚ್ಚಗಿತ್ತು. ಎತ್ತುವ ಮುಂಚೆ ಒಂದು ಗಳಿಗೆ ಹಾಗೇ ಹಿಡಿದುಕೊಂಡಿದ್ದ.

"ಅಮ್ಮನೂ ಹೀಗೇ ಕೈ ಚಾಚಿದ್ರು ಮೇಷ್ಟ್ರೇ" ಅಂದ. "ಗೇಟಿಂದ ನನಗೆ ಕಾಣ್ತಿತ್ತು."